ಬಣ್ಣದ ಲೆಕ್ಕ

ಬಣ್ಣವೆಂದೊಡನೆ ನಮ್ಮ ಮನೆಯ ಹೆಂಗಸರಿಗೆ ಸೀರೆಯ ನೆನಪಾಗುತ್ತದೆ. ಮಕ್ಕಳಿಗೆ ಓಕುಳಿಯ ನೆನಪಾಗುತ್ತದೆ. ನಮ್ಮ ಕರಾವಳಿಯ ಹಿರಿಯರಿಗಾದರೋ ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳು ಮುಖಕ್ಕೆ ಬಳಿದುಕೊಳ್ಳುವ ಬಣ್ಣವು ಕಣ್ಣ ಮುಂದೆ ನಿಲ್ಲುತ್ತದೆ. ನನಗೆ ಮಾತ್ರ ಬಣ್ಣವೆಂದರೆ ಲೆಕ್ಕದ ಪುಸ್ತಕವೇ ನೆನಪಿಗೆ ಬರುತ್ತದೆ. ಹತ್ತು ವರ್ಷಗಳ ಕಾಲ, ವಾರದ ಮೊದಲನೆಯ ದಿನ ದಫ್ತರಕ್ಕೆ ಹೋದೊಡನೆ ನಾನು ಮಾಡುತ್ತಿದ್ದ ಮೊದಲನೆಯ ಕೆಲಸವೆಂದರೆ ನಮ್ಮ ಕಂಪೆನಿಯ ಬಣ್ಣವು ಯಾವುದೆಂದು ನೋಡುವುದು. ಹಸಿರಾಗಿದ್ದರೆ ಆ ದಿನದ ಚಹವು ರುಚಿಸುತ್ತಿತ್ತು. ಹಳದಿಯತ್ತ ಜಾರುತ್ತಿದ್ದರೆ ಚಹವು ಮೇಜಿನ ಮೇಲೆಯೇ ಆರಿಹೋಗುತ್ತಿತ್ತು.

ಇದು ಒಗಟಲ್ಲ, ಸೌದೀ ಅರೇಬಿಯಾ ದೇಶದ ಒಂದು ಕಾನೂನು. ಈ ಕಾನೂನೂ ಇದರ ಒಡಹುಟ್ಟಿದವುಗಳೂ ಕೂಡಿ ನನ್ನ ಸಂಸಾರವನ್ನು ಕಡಲಿನ ಎರಡು ದಡಗಳಲ್ಲಿ ಹಂಚಿದವು. ನನ್ನ ಮಿತ್ರರೊಬ್ಬರ ಜೀವನೋಪಾಯವನ್ನು ಕಿತ್ತುಕೊಂಡವು. ಒಬ್ಬ ಹೆಣ್ಣುಮಗಳಿಗೆ ಅನ್ನದ ದಾರಿಯನ್ನು ತೋರಿದವು. ಕಡೆಗೆ ನನ್ನನ್ನು ಊರಿಗೆ ಕಳುಹಿಸಿದವು. ಅವುಗಳ ಮೇಲೆ ನನಗೆ ಬಹುಕಾಲ ಕೋಪವಿದ್ದಿತು. ಆ ಕೋಪದಲ್ಲಿ ಈಗ ಎಷ್ಟು ಉಳಿದಿದೆ ಎಂಬುದನ್ನು ವಾಚಕರ ಮುಂದೆ ನಿವೇದಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಉಡುಪಿಯ ಕಡೆಯವನು. 2003ರಲ್ಲಿ ಲೆಕ್ಕಿಗನಾಗಿ ಜುಬೈಲ್ ಪಟ್ಟಣಕ್ಕೆ ಹೋದೆನು. ಒಂದು ಕಾಲಕ್ಕೆ ಮೀನು ಹಿಡಿಯುವವರೂ ಮುತ್ತು ಹೆಕ್ಕುವವರೂ ಇದ್ದ ಸಣ್ಣ ಹಳ್ಳಿಯದು. 1975ರ ತರುವಾಯ ಸರಕಾರದವರು ಅದನ್ನು ದೊಡ್ಡ ಕೈಗಾರಿಕಾ ನಗರವನ್ನಾಗಿ ಮಾಡಿದರು. ನಮ್ಮದು ಕಾರ್ಖಾನೆಗಳ ದುರಸ್ತಿ ಕೆಲಸವನ್ನು ಗುತ್ತಿಗೆ ಹಿಡಿಯುವ ಕಂಪೆನಿ. ಸುಮಾರು ಇನ್ನೂರು ಮಂದಿ ಕೆಲಸಗಾರರಲ್ಲಿ ಮಲೆಯಾಳಿಗಳು, ತಮಿಳರು, ಬಿಹಾರದವರು, ಫಿಲಿಪೈನ್ಸಿನವರು, ನಮ್ಮ ಮಂಗಳೂರು ಕುಂದಾಪುರಗಳವರು ಎಲ್ಲರೂ ಇದ್ದರು. ಆ ದೇಶದವರೆಂದರೆ ಧಣಿ, ಬಾಗಿಲ ಕಾವಲುಗಾರ, ಸರಕಾರೀ ಕಚೇರಿಗಳಿಗೆ ಕಾಗದಪತ್ರ ಒಯ್ಯುವ ಒಬ್ಬ, ಮತ್ತೆ ಇನ್ನಿಬ್ಬರು ಮೂವರು. ಧಣಿಯು ನನ್ನನ್ನು ಹೆಸರು ಹಿಡಿದು ಕರೆದುದು ಕಡಮೆ. ‘ಯಾ ಮುಹಾಸಿಬ್,’ ಅಂದರೆ ಎಲೈ ಲೆಕ್ಕಿಗನೇ, ಎಂದೇ ಕರೆಯುತ್ತಿದ್ದನು. ಆ ಕರೆಯಲ್ಲಿ ಪ್ರೀತಿಯಿತ್ತು.

ಕೆಲಸಗಾರರಲ್ಲಿ ನೂರಕ್ಕೆ ಮೂವತ್ತು ಮಂದಿ ದೇಶೀಯರಿರಬೇಕೆಂಬ ನಿಯಮವು ಆಗಲೂ ಇದ್ದಿತು. ಬ್ಯಾಂಕಿಗೂ ಅದೇ, ಕಲ್ಲುಮಣ್ಣು ಹೊರುವ ಗುತ್ತಿಗೆದಾರನಿಗೂ ಅದೇ ಎಂದರೆ ಯಾರು ನಡೆಸಿಯಾರು? ಅದನ್ನು ನಡೆಸಿದವರಿಗಿಂತ ತಪ್ಪಿಸಿಕೊಂಡವರೇ ಹೆಚ್ಚು. ಹೀಗಿರಲು 2011ರಲ್ಲಿ ಕಾರ್ಮಿಕ ಮಂತ್ರಿಖಾತೆಯವರು ‘ನಿತಾಕತ್’ ಎಂಬ ಹೊಸ ಪದ್ಧತಿಯನ್ನು ತಂದರು. ನಿತಾಕತ್ ಎಂದರೆ ವಲಯಗಳು. ಒಂದೊಂದು ಉದ್ಯಮಕ್ಕೆ ಒಂದೊಂದು ಅಳತೆ. ಅದರಲ್ಲಿಯೂ ಕಂಪೆನಿಯು ದೊಡ್ಡದೋ ಸಣ್ಣದೋ ಎಂಬುದನ್ನು ನೋಡಿ ಬೇರೆ ಬೇರೆ ಅಳತೆ. ಕಟ್ಟಡದ ಕೆಲಸದವರಿಗೆ ಕಡಮೆ, ಬ್ಯಾಂಕುಗಳಿಗೆ ಬಹಳ ಹೆಚ್ಚು. ಆ ಅಳತೆಗೆ ತಕ್ಕಂತೆ ಕಂಪೆನಿಗಳಿಗೆ ನಾಲ್ಕು ಬಣ್ಣಗಳನ್ನು ಕೊಟ್ಟರು: ಕೆಂಪು, ಹಳದಿ, ಹಸಿರು ಮತ್ತು ಎಲ್ಲಕ್ಕೂ ಮೇಲೆ ಪ್ಲಾಟಿನಮ್. ಕೆಂಪಿನವರಿಗೆ ಹೊಸ ವೀಸಾ ಇಲ್ಲ. ಇರುವ ಪರದೇಶೀಯರ ಕೆಲಸದ ಪರವಾನಗಿಯನ್ನು ಹೊಸತು ಮಾಡುವಂತಿಲ್ಲ. ಅವರ ಕೆಲಸಗಾರರನ್ನು ಹಸಿರಿನವರು ಧಣಿಯ ಒಪ್ಪಿಗೆಯಿಲ್ಲದೆಯೇ ಕರೆದುಕೊಳ್ಳಬಹುದು. ಹಳದಿಯವರಿಗೆ ಎಚ್ಚರಿಕೆ ಮತ್ತು ಕೆಲವು ಅಡ್ಡಿಗಳು. ಹಸಿರಿನವರಿಗೂ ಪ್ಲಾಟಿನಮ್ಮಿನವರಿಗೂ ಸಕಲ ಸೌಕರ್ಯ. 2020ರಲ್ಲಿ ಹಳದಿಯನ್ನು ತೆಗೆದುಬಿಟ್ಟರು. ಜಾರಿದವನು ನೇರವಾಗಿ ಕೆಂಪಿಗೇ ಬೀಳುವಂತಾಯಿತು.

ಎಣಿಕೆಯಲ್ಲಿಯೂ ಸೂಕ್ಷ್ಮವಿದ್ದಿತು. ಸಾಮಾಜಿಕ ವಿಮೆಯ ದಫ್ತರದಲ್ಲಿ ಹೆಸರು ದಾಖಲಾಗಿ, ತಿಂಗಳಿಗೆ 3,000 ರಿಯಾಲು ಸಂಬಳವಿದ್ದರೆ ಮಾತ್ರ ದೇಶೀಯನೊಬ್ಬನು ಪೂರ್ಣ ಒಬ್ಬನೆಂದು ಲೆಕ್ಕ; ಅದರ ಅರ್ಧವಿದ್ದರೆ ಅರ್ಧ ಮನುಷ್ಯ! 2021ರಲ್ಲಿ ಈ ಮೊತ್ತವನ್ನು 4,000ಕ್ಕೆ ಏರಿಸಿದರು. ಅಂಗವಿಕಲನಾದ ಪ್ರಜೆಯನ್ನು ನೇಮಿಸಿಕೊಂಡರೆ ನಾಲ್ವರೆಂದು ಎಣಿಕೆ. ಮನುಷ್ಯನನ್ನು ಅರ್ಧವೆಂದೂ ನಾಲ್ಕೆಂದೂ ಕೂಡಿಸಿ ಕಳೆಯುವ ಈ ವಿದ್ಯೆಯನ್ನು ನಾನು ಯಾವ ಕಾಲೇಜಿನಲ್ಲಿಯೂ ಕಲಿತಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಬಣ್ಣವು ಹಳದಿಗೆ ಜಾರುವ ಹೊತ್ತಿಗೆ ಧಣಿಯು ಒಂದು ಚೀಟಿಯನ್ನು ತಂದು ನನ್ನ ಮುಂದಿಟ್ಟನು. ಅದರಲ್ಲಿ ಮೂವರ ಹೆಸರುಗಳಿದ್ದವು; ಅವರ ಕಡೆಯ ಬಂಧುಬಳಗದವರು. ‘ಇವರನ್ನು ನೌಕರರೆಂದು ಬರೆದುಕೋ, ಸಂಬಳವು ಹೋಗಲಿ, ಅವರು ಬರುವುದು ಬೇಡ’ ಎಂದನು. ನಾನು ಬರೆದೆನು. ಆ ದೇಶದಲ್ಲಿ ಇಂತಹ ಕಾಗದದ ನೌಕರರು ಎಷ್ಟೋ ಕಂಪೆನಿಗಳಲ್ಲಿದ್ದರು. ಸರಕಾರವು ಅದನ್ನು ಅಪರಾಧವೆಂದು ಸಾರಿ ದಂಡ ವಿಧಿಸುತ್ತಿದ್ದರೂ ಅದು ನಿಂತಿರಲಿಲ್ಲ. ನನ್ನ ಮನಸ್ಸಾಕ್ಷಿಯು ಗೊಣಗಿತು. ಬಣ್ಣವು ಹಸಿರಾಯಿತು, ಗೊಣಗಾಟವು ನಿಂತಿತು.

ಆದರೆ ಒಂದು ದಿನ ಬೆಳಗ್ಗೆ ಆ ಮೂವರಲ್ಲಿ ಒಬ್ಬನು ದಫ್ತರಕ್ಕೆ ಬಂದುಬಿಟ್ಟನು. ಇಪ್ಪತ್ತೆರಡು ವರ್ಷದ ಹುಡುಗ. ಇಸ್ತ್ರಿ ಮಾಡಿದ ಬಿಳಿಯ ನಿಲುವಂಗಿ. ಕೈಯಲ್ಲಿ ಹೊಸ ಲೇಖನಿ. ‘ನಾನು ಇಲ್ಲಿಯ ನೌಕರನಲ್ಲವೆ? ನನ್ನ ಕೆಲಸವೇನು?’ ಎಂದು ಕೇಳಿದನು. ನಾನು ತಬ್ಬಿಬ್ಬಾದೆನು. ಅವನಿಗೆಂದು ಕುರ್ಚಿಯಿರಲಿಲ್ಲ, ಮೇಜಿರಲಿಲ್ಲ. ಮಧ್ಯಾಹ್ನದವರೆಗೆ ಅತಿಥಿಗಳ ಸೋಫಾದ ಮೇಲೆ ಕುಳಿತಿದ್ದನು. ಧಣಿಯು ಬಂದು ಅವನ ಹೆಗಲಮೇಲೆ ಕೈಯಿಟ್ಟು, ‘ಮಗನೇ, ಮನೆಗೆ ಹೋಗು, ಸಂಬಳವು ಬರುತ್ತದೆ’ ಎಂದನು. ಆ ಹುಡುಗನ ಮುಖವು ಕೆಂಪಾಯಿತು. ಹೋಗುವಾಗ ನನ್ನತ್ತ ತಿರುಗಿ ನೋಡಿದನು. ಮನೆಗೆ ಹೋಗಿ ತಾಯಿಗೆ ಏನು ಹೇಳಿದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

2016ರಲ್ಲಿ ಮೊಬೈಲ್ ಫೋನುಗಳ ಮಾರಾಟ ಮತ್ತು ದುರಸ್ತಿಯ ಅಂಗಡಿಗಳಲ್ಲಿ ಸೆಪ್ಟೆಂಬರಿನಿಂದ ಮುಂದೆ ದೇಶೀಯರೇ ಇರತಕ್ಕದ್ದೆಂದು ಆಜ್ಞೆಯಾಯಿತು. ಭಟ್ಕಳದ ನನ್ನ ಮಿತ್ರರೊಬ್ಬರು ಅಂತಹ ಒಂದು ಅಂಗಡಿಯಲ್ಲಿ ಹನ್ನೊಂದು ವರ್ಷ ಕುಳಿತಿದ್ದವರು. ಫೋನನ್ನು ಕಿವಿಯ ಬಳಿ ಅಲ್ಲಾಡಿಸಿಯೇ ಅದರ ಕಾಯಿಲೆಯನ್ನು ಹೇಳಬಲ್ಲ ವೈದ್ಯರು. ಸರಕಾರವು ತನ್ನ ತರುಣ ತರುಣಿಯರಿಗೆ ಆ ಕಸುಬನ್ನು ಕಲಿಸುವ ತರಗತಿಗಳನ್ನು ತೆರೆಯಿತು. ಅಂಗಡಿಯಿಡುವವರಿಗೆ ಸಾಲ ಕೊಟ್ಟಿತು. ಸಾಹೇಬರು ತಮ್ಮ ಸಣ್ಣ ಸಣ್ಣ ಆಯುಧಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಕೊಂಡು ಊರಿಗೆ ಹೊರಟರು. ‘ಲೆಕ್ಕದ ಸ್ವಾಮಿಗಳೇ, ಈ ಸಲ ನನ್ನ ಸರದಿ, ನಿಮ್ಮದೂ ಬಂದೀತು’ ಎಂದು ನಕ್ಕರು. ನಾನು ನಗಲಿಲ್ಲ.

ನನ್ನ ಸರದಿಯು ಮೊದಲು ಮನೆಯೊಳಗೆ ಬಂದಿತು. 2017ರ ಜುಲೈಯಿಂದ ಪರದೇಶೀಯರು ತಮ್ಮೊಡನೆ ಇಟ್ಟುಕೊಂಡ ಹೆಂಡತಿಗೂ ಮಕ್ಕಳಿಗೂ ತಲೆಗೆ ತಿಂಗಳಿಗೆ 100 ರಿಯಾಲಿನಂತೆ ಕಂದಾಯ ಕಟ್ಟಬೇಕೆಂದಾಯಿತು. ಅದು ವರುಷ ವರುಷವೂ ನೂರರಂತೆ ಏರಿ 2020ರಲ್ಲಿ 400ಕ್ಕೆ ಮುಟ್ಟುವುದೆಂದು ಮೊದಲೇ ಸಾರಿದ್ದರು. 2018ರಿಂದ ಧಣಿಗಳಿಗೂ ಪೆಟ್ಟು ಬಿದ್ದಿತು. ದೇಶೀಯರ ಸಂಖ್ಯೆಯನ್ನು ಮೀರಿದ ಪ್ರತಿಯೊಬ್ಬ ಪರದೇಶೀಯನಿಗೆ ತಿಂಗಳಿಗೆ 400 ರಿಯಾಲು, ಮರುವರ್ಷ 600, ಅದರ ಮರುವರ್ಷ 800. ಪರದೇಶೀಯನು ಅಗ್ಗವಾಗಿ ಸಿಕ್ಕುತ್ತಾನೆಂಬ ಕಾರಣದಿಂದಲೇ ಧಣಿಗಳು ನಮ್ಮವರನ್ನು ಕರೆಯುವುದಿಲ್ಲ; ಅವನು ಅಗ್ಗವಾಗದಂತೆ ಮಾಡಿದರಾಯಿತು ಎಂಬುದು ಅವರ ತರ್ಕ. ತರ್ಕದಲ್ಲಿ ತಪ್ಪಿಲ್ಲವೆಂಬುದೇ ನನ್ನ ಸಂಕಟವಾಗಿದ್ದಿತು.

ಒಂದು ರಾತ್ರಿ ಊಟವಾದ ಮೇಲೆ ನಾನೂ ನನ್ನ ಹೆಂಡತಿಯೂ ಅಡಿಗೆಮನೆಯ ಮೇಜಿನ ಬಳಿ ಕುಳಿತು ಲೆಕ್ಕ ಹಾಕಿದೆವು. ಅವಳು, ಇಬ್ಬರು ಮಕ್ಕಳು, ಒಟ್ಟು ಮೂರು ತಲೆ. ಮೊದಲ ವರ್ಷಕ್ಕೆ 3,600, ಎರಡನೆಯದಕ್ಕೆ 7,200, 2020ರ ವೇಳೆಗೆ ವರ್ಷಕ್ಕೆ 14,400 ರಿಯಾಲು. ನನ್ನ ಎರಡು ತಿಂಗಳ ಸಂಬಳಕ್ಕಿಂತಲೂ ಹೆಚ್ಚು. ಹೇಗಾದರೂ ನಡೆದೀತೆಂದು ನಾನು ಹೇಳುತ್ತಲೇ ಇದ್ದೆನು. ಅವಳು ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಕಡೆಯ ಮೊತ್ತದ ಕೆಳಗೆ ಎರಡು ಗೆರೆಗಳನ್ನು ಎಳೆದಳು. ‘ಊರೆಲ್ಲದರ ಲೆಕ್ಕ ಬರೆಯುವವರು ನೀವು. ಮನೆಯ ಲೆಕ್ಕದಲ್ಲಿ ಮಾತ್ರ ಹೀಗೆ ಸುಳ್ಳು ಬರೆದರೆ ಆದೀತೆ?’ ಎಂದಳು. 2018ರ ಏಪ್ರಿಲಿನಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಅವರು ಮೂವರೂ ಊರಿಗೆ ಹೋದರು. ನಮ್ಮ ಕಟ್ಟಡದಲ್ಲಿ ಆ ವರ್ಷ ಸಂಜೆಯ ಹೊತ್ತು ಮಕ್ಕಳ ಗದ್ದಲವು ದಿನೇ ದಿನೇ ಕಡಮೆಯಾಗುತ್ತ ಬಂದಿತು. ನಾನು ಒಂದು ಕೋಣೆಯಲ್ಲಿ ಇನ್ನಿಬ್ಬರೊಡನೆ ಇರತೊಡಗಿದೆನು.

ಮರುವರ್ಷ ನಮ್ಮ ದಫ್ತರಕ್ಕೆ ಒಬ್ಬ ತರುಣಿಯು ಲೆಕ್ಕಿಗಳಾಗಿ ಬಂದಳು. ಆ ದೇಶದವಳೇ, ಪದವೀಧರೆ, ನಾಲ್ಕು ವರ್ಷ ಕೆಲಸಕ್ಕಾಗಿ ಅಲೆದು ಸೋತವಳು, ಒಂದು ಸಣ್ಣ ಮಗುವಿನ ತಾಯಿ. ಸರಕಾರವು 2000ದಲ್ಲಿಯೇ ಮಾನವಸಂಪತ್ತಿನ ಅಭಿವೃದ್ಧಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿತ್ತು. 2019ರಲ್ಲಿ ಆ ನಿಧಿಯವರು, ಹೊಸದಾಗಿ ದೇಶೀಯರನ್ನು ನೇಮಿಸಿಕೊಂಡ ಖಾಸಗೀ ಧಣಿಗಳಿಗೆ ಅವರ ಸಂಬಳದಲ್ಲಿ ಮೊದಲನೆಯ ವರ್ಷ ನೂರಕ್ಕೆ 30, ಎರಡನೆಯ ವರ್ಷ 20, ಮೂರನೆಯ ವರ್ಷ 10ರಂತೆ ಸಹಾಯ ಕೊಡತೊಡಗಿದ್ದರು. ಹೆಂಗಸರನ್ನು ನೇಮಿಸಿಕೊಂಡವರಿಗೆ ಇನ್ನಷ್ಟು. ಹೆಂಗಸರು ಕೆಲಸಕ್ಕೆ ಬಂದುಹೋಗುವ ಬಾಡಿಗೆ ಕಾರಿನ ವೆಚ್ಚದಲ್ಲಿ ಒಂದು ಮಿತಿಯವರೆಗೆ ನೂರಕ್ಕೆ 80ರಷ್ಟನ್ನು ಕೊಡುವ ಯೋಜನೆಯೂ ಇತ್ತು. ಅದರ ಹೆಸರು ‘ವುಸೂಲ್’, ತಲುಪುವುದು ಎಂದರ್ಥ. ನಮ್ಮ ಕನ್ನಡದ ‘ವಸೂಲು’ ಅದೇ ಶಬ್ದ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಹಣ ಕೀಳುವುದಕ್ಕೆ ಹೆಸರಾಯಿತು. ಅಲ್ಲಿ ಒಬ್ಬ ತಾಯಿಯು ಕೆಲಸವನ್ನು ತಲುಪುವುದಕ್ಕೆ ಹೆಸರಾಗಿದ್ದಿತು. ಕೂಸನ್ನು ನೋಡಿಕೊಳ್ಳುವ ಕೇಂದ್ರಕ್ಕೆ ಕಟ್ಟುವ ಹಣದಲ್ಲಿಯೂ ಪಾಲು ಕೊಡುವ ಏರ್ಪಾಡು ಬೇರೆಯಾಗಿ ಇದ್ದಿತು.

‘ಯಾ ಮುಹಾಸಿಬ್, ಇವಳಿಗೆ ಎಲ್ಲವನ್ನೂ ಕಲಿಸು’ ಎಂದು ಧಣಿಯು ಹೇಳಿದನು. ಎಲ್ಲವನ್ನೂ ಎಂಬ ಮಾತಿನ ಅರ್ಥವು ನನಗೆ ಆಗದಿರಲಿಲ್ಲ. ಅವಳು ನನ್ನನ್ನು ‘ಉಸ್ತಾದ್’ ಎಂದು ಕರೆದಳು, ಗುರುವೆಂದು. ಗುರುವು ಮಾಡಿದ್ದೇನು? ಮೂರು ತಿಂಗಳ ಕಾಲ ಬಿಲ್ಲುಗಳನ್ನು ಜೋಡಿಸುವುದು, ರಸೀತಿಗಳನ್ನು ಅಂಟಿಸುವುದು, ಹಾಜರಿಯನ್ನು ನಕಲು ಮಾಡುವುದು, ಇವಿಷ್ಟನ್ನೇ ಕಲಿಸಿದನು. ವರ್ಷಾಂತ್ಯದ ಮುಖ್ಯ ಲೆಕ್ಕವನ್ನೂ ಜಕಾತಿನ ತಖ್ತೆಯನ್ನೂ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದನು. ಅದೊಂದು ನನ್ನಲ್ಲಿರುವವರೆಗೆ ನನ್ನನ್ನು ಯಾರೂ ಕಳುಹಿಸಲಾರರೆಂಬ ಧೈರ್ಯ.

ಒಂದು ದಿನ ಅವಳು ನಮ್ರತೆಯಿಂದಲೇ ಕೇಳಿದಳು: ‘ಉಸ್ತಾದ್, ನನಗೆ ಸಂಬಳವು ಸರಿಯಾಗಿ ಬರುತ್ತಿದೆ. ಆದರೆ ಕೆಲಸವು ಯಾವಾಗ ಬರುತ್ತದೆ?’

ನನಗೆ ಥಟ್ಟನೆ ಆ ಹುಡುಗನ ನೆನಪಾಯಿತು. ಇಸ್ತ್ರಿ ಮಾಡಿದ ಆ ನಿಲುವಂಗಿ, ಆ ಹೊಸ ಲೇಖನಿ. ಧಣಿಯು ಅವನಿಗೆ ಕುರ್ಚಿಯಿಲ್ಲದ ನೌಕರಿಯನ್ನು ಕೊಟ್ಟಿದ್ದನು. ನಾನು ಇವಳಿಗೆ ಕುರ್ಚಿಯನ್ನು ಕೊಟ್ಟು ನೌಕರಿಯನ್ನು ಬಚ್ಚಿಟ್ಟಿದ್ದೆನು. ಇಬ್ಬರೊಳಗೆ ವ್ಯತ್ಯಾಸವೇನು? ಅವನಾದರೂ ಬಣ್ಣಕ್ಕಾಗಿ ಮಾಡಿದನು; ನಾನು ಹೆದರಿಕೆಯಿಂದ ಮಾಡಿದೆನು. ಮರುದಿನ ಬೆಳಗ್ಗೆ ಖಾನೆಯ ಬೀಗವನ್ನು ತೆರೆದೆನು. ಅವಳು ಚುರುಕಾಗಿದ್ದಳು. ನಾನು ಐದು ವರ್ಷಗಳಲ್ಲಿ ತಿಳಿದುದನ್ನು ಎಂಟು ತಿಂಗಳಲ್ಲಿ ತಿಳಿದಳು. ನನ್ನ ಎರಡು ತಪ್ಪುಗಳನ್ನೂ ತೋರಿಸಿದಳು.

2020ರಲ್ಲಿ ಕೋವಿಡ್ ಮಹಾಮಾರಿಯು ಬಂದಿತು. ಏಪ್ರಿಲಿನಲ್ಲಿ ರಾಜಾಜ್ಞೆಯಾಯಿತು: ಖಾಸಗೀ ಉದ್ಯೋಗದಲ್ಲಿರುವ ದೇಶೀಯರನ್ನು ತೆಗೆಯದಿರಲೆಂದು ಸರಕಾರವೇ ಅವರ ಸಂಬಳದ ನೂರಕ್ಕೆ 60ರಷ್ಟನ್ನು ಮೂರು ತಿಂಗಳು ಕೊಡುವುದು, ಅದಕ್ಕಾಗಿ 900 ಕೋಟಿ ರಿಯಾಲುಗಳನ್ನು ತೆಗೆದಿರಿಸಿತು. ಪರದೇಶೀಯರಿಗೆ ಅದು ಅನ್ವಯವಾಗುವಂತಿರಲಿಲ್ಲ. ನಮ್ಮ ಸಂಬಳವನ್ನು ಕಡಿತ ಮಾಡಿದರು. ಆ ತಿಂಗಳ ಸಂಬಳದ ಪಟ್ಟಿಯನ್ನು ಬರೆದವರು ನಾವಿಬ್ಬರೇ. ಒಂದು ಕಾಲಮಿನಲ್ಲಿ ಅವಳ ಹೆಸರು, ಇನ್ನೊಂದರಲ್ಲಿ ನನ್ನ ಹೆಸರು. ಬರೆದು ಮುಗಿಸಿ ಅವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಮರುದಿನ ಮನೆಯಿಂದ ಒಂದು ಡಬ್ಬದಲ್ಲಿ ಖರ್ಜೂರವನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಳು. ಅದು ಯಾವ ಕಾಲಮಿಗೂ ಸೇರದ ಜಮೆ.

ಕಡೆಗೆ 2021ರಲ್ಲಿ ಲೆಕ್ಕಿಗರ ಕುರಿತಾಗಿಯೇ ಆಜ್ಞೆಯಾಯಿತು. ಐವರು ಅಥವಾ ಅದಕ್ಕಿಂತ ಹೆಚ್ಚು ಲೆಕ್ಕಿಗರಿರುವ ಕಂಪೆನಿಯಲ್ಲಿ ಜೂನಿನಿಂದ ಮುಂದೆ ನೂರಕ್ಕೆ 30 ಮಂದಿ ದೇಶೀಯರಿರಬೇಕು. ನಮ್ಮಲ್ಲಿ ಸರಿಯಾಗಿ ಐವರಿದ್ದೆವು. ಇನ್ನೊಬ್ಬ ದೇಶೀಯನನ್ನು ನೇಮಿಸುವುದರ ಬದಲು ಧಣಿಯು ಒಬ್ಬನನ್ನು ತೆಗೆದು ನಾಲ್ವರನ್ನು ಮಾಡಿದನು. ನಾಲ್ವರಿಗೆ ಆ ನಿಯಮವೇ ಇಲ್ಲ. ಹೆಚ್ಚು ಸಂಬಳದವನು ನಾನಾದುದರಿಂದ ಆ ಒಬ್ಬನು ನಾನೇ ಆದೆನು. ನನ್ನ ಪುಸ್ತಕಗಳು ಅವಳಿಗೆ ಹೋದುವು. ಅದು ನನಗೆ ಸಂತೋಷ. ಆದರೆ ನನ್ನನ್ನು ಎಬ್ಬಿಸಿದ ಕಾನೂನು ಯಾವ ತರುಣನಿಗಾಗಿ ಎಬ್ಬಿಸಿತೋ ಅವನು ಬರಲೇ ಇಲ್ಲ. ಕುರ್ಚಿಯನ್ನು ಗೋದಾಮಿಗೆ ಸಾಗಿಸಿದರು.

ಧಣಿಯು ಅನ್ಯಾಯ ಮಾಡಲಿಲ್ಲ. ಅಲ್ಲಿಯ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳು, ಅನಂತರದ ವರ್ಷಗಳಿಗೆ ಒಂದೊಂದು ತಿಂಗಳ ಸಂಬಳವು ಸೇವಾನಿವೃತ್ತಿಯ ಹಣ. ಹದಿನೆಂಟು ವರ್ಷಕ್ಕೆ ಹದಿನೈದೂವರೆ ತಿಂಗಳ ಸಂಬಳವನ್ನು ಬಿಡದೆ ಕೊಟ್ಟನು. ಆ ಲೆಕ್ಕವನ್ನು ಬರೆದವಳು ನನ್ನ ಶಿಷ್ಯೆ. ನಾನು ಎರಡು ಸಲ ಪರೀಕ್ಷಿಸಿದೆನು. ಒಂದು ಕಾಸೂ ತಪ್ಪಿರಲಿಲ್ಲ.

ಊರಿಗೆ ಬಂದು ಮೂರು ವರ್ಷವಾಗಿದ್ದಿತು. 2024ರ ಜುಲೈಯಲ್ಲಿ ಒಂದು ಬೆಳಗ್ಗೆ ಜಗಲಿಯಲ್ಲಿ ಕುಳಿತಿದ್ದಾಗ ತಮ್ಮನ ಮಗನು ಪತ್ರಿಕೆಯನ್ನು ಹಿಡಿದುಕೊಂಡು ಓಡಿಬಂದನು. ಖಾಸಗೀ ಉದ್ಯಮಗಳಲ್ಲಿ ಆಡಳಿತದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದವುಗಳಲ್ಲಿ 70 ಸ್ಥಳೀಯರಿಗೆ ಮೀಸಲೆಂಬ ಮಸೂದೆಯನ್ನು ಕರ್ನಾಟಕದ ಮಂತ್ರಿಮಂಡಲವು ಒಪ್ಪಿತೆಂಬ ಸುದ್ದಿ. ‘ದೊಡ್ಡಪ್ಪ, ಇನ್ನು ಬೆಂಗಳೂರಿನಲ್ಲಿ ನಮಗೂ ಕೆಲಸ ಸಿಕ್ಕೀತು, ಅಲ್ಲವೆ?’ ಎಂದನು. ಉದ್ಯಮಿಗಳ ಗದ್ದಲದಿಂದ ಕೆಲವೇ ದಿನಗಳಲ್ಲಿ ಆ ಮಸೂದೆಯನ್ನು ತಡೆಹಿಡಿದರೆಂಬುದು ಬೇರೆ ಮಾತು. ಆದರೆ ಆ ಹುಡುಗನ ಮುಖವನ್ನು ನೋಡಿ ನಾನು ನಿರುತ್ತರನಾದೆನು. ಕೈಯಲ್ಲಿ ಹೊಸ ಲೇಖನಿಯೊಂದು ಇಲ್ಲದಿದ್ದುದೇ ವ್ಯತ್ಯಾಸ. ತಮ್ಮ ಮಕ್ಕಳಿಗೆ ತಮ್ಮ ನೆಲದಲ್ಲಿ ಕೆಲಸವಿರಲಿ ಎಂದು ಅಲ್ಲಿಯವರು ಬಯಸಿದರೆ ಅನ್ಯಾಯ, ಇಲ್ಲಿ ನಾವು ಬಯಸಿದರೆ ನ್ಯಾಯ ಎಂದು ಯಾವ ಬಾಯಿಯಿಂದ ಹೇಳಲಿ? ಜಮೆಗೊಂದು ತಕ್ಕಡಿ, ಖರ್ಚಿಗೊಂದು ತಕ್ಕಡಿ ಇಟ್ಟುಕೊಂಡವನು ಲೆಕ್ಕಿಗನಲ್ಲ.

ಅಲ್ಲಿಯ ಕಾನೂನು ವ್ಯರ್ಥವಾಯಿತೆಂದೂ ಹೇಳಲಾರೆ. 2016ರ ಸುಮಾರಿಗೆ ನೂರಕ್ಕೆ 12ರಷ್ಟಿದ್ದ ಅಲ್ಲಿಯ ಪ್ರಜೆಗಳ ನಿರುದ್ಯೋಗವು 2024ರ ಕೊನೆಗೆ 7ಕ್ಕೆ ಇಳಿಯಿತು. ಕೆಲಸಕ್ಕೆ ಬರುವ ಹೆಂಗಸರ ಪ್ರಮಾಣವು ಕೆಲವೇ ವರ್ಷಗಳಲ್ಲಿ ಸುಮಾರು ಇಮ್ಮಡಿಯಾಯಿತು. ನನ್ನ ಶಿಷ್ಯೆಯು ಆ ಸಂಖ್ಯೆಯಲ್ಲಿ ಒಬ್ಬಳು. ಆದರೆ ನಾನು ಕಂಡುಕೊಂಡದ್ದು ಇಷ್ಟು: ದಂಡವೂ ಸಹಾಯಧನವೂ ಧಣಿಯಿಂದ ಹೆಸರನ್ನು ಬರೆಯಿಸಬಲ್ಲವು, ಕೆಲಸವನ್ನು ಕೊಡಿಸಲಾರವು. ಪಕ್ಕದಲ್ಲಿ ಕುಳಿತಿರುವವನು ತನ್ನ ಖಾನೆಯ ಬೀಗವನ್ನು ತೆರೆದಾಗಲೇ ಹೊಸಬನು ನಿಜವಾದ ನೌಕರನಾಗುತ್ತಾನೆ. ಎಬ್ಬಿಸಲ್ಪಡುವವನೇ ಅದನ್ನು ತೆರೆಯಬೇಕೆಂಬುದು ಇದರ ಕಠಿಣವಾದ ಭಾಗ. ಅವನ ವರ್ಷಗಳನ್ನೂ ಅವನ ಮಕ್ಕಳನ್ನೂ ತಲೆಗಂದಾಯವಾಗಿ ಮಾತ್ರ ಎಣಿಸುವ ಕಾನೂನಿನ ಮೇಲೆ ನನ್ನ ಕೋಪವು ಇನ್ನೂ ಉಳಿದಿದೆ. ಮಿಕ್ಕ ಕೋಪವು ಹೋಗಿದೆ.

ಮಕ್ಕಳನ್ನು ಆ ಕಡೆಗೆ ಕಳುಹಿಸುವ ತಾಯಿತಂದೆಗಳಿಗೆ ಒಂದು ಮಾತು. ಸಂಬಳವೆಷ್ಟೆಂದು ಕೇಳುವ ಮೊದಲು ಆ ಕಂಪೆನಿಯ ಬಣ್ಣ ಯಾವುದೆಂದು ಕೇಳಿರಿ. ಹುಡುಗನ ಕಸುಬು ದೇಶೀಯರಿಗೆ ಮೀಸಲಾಗಿದೆಯೇ ಎಂದು ವಿಚಾರಿಸಿರಿ. ಸಂಸಾರವನ್ನು ಕರೆದೊಯ್ಯುವುದಾದರೆ ತಲೆಗಂದಾಯದ ಲೆಕ್ಕವನ್ನು ಇಲ್ಲಿಯೇ ಹಾಕಿರಿ. ಪೆನ್ಸಿಲನ್ನು ಮನೆಯಾಕೆಯ ಕೈಯಲ್ಲಿ ಕೊಡಿರಿ.

ಹೋದ ರಂಜಾನಿನಲ್ಲಿ ನನ್ನ ಶಿಷ್ಯೆಯು ಶುಭಾಶಯವನ್ನು ಕಳುಹಿಸಿದ್ದಳು. ಕಂಪೆನಿಯು ಬೆಳೆದು ಲೆಕ್ಕಿಗರು ಮತ್ತೆ ಐವರಾಗಿದ್ದಾರಂತೆ. ಹೊಸದಾಗಿ ಬಂದವನು ಅಲ್ಲಿಯವನೇ, ಚಿಕ್ಕ ಹುಡುಗ. ‘ಗೋದಾಮಿನಿಂದ ನಿಮ್ಮ ಕುರ್ಚಿಯನ್ನು ತರಿಸಿ ಅವನಿಗೆ ಕೊಟ್ಟಿದ್ದೇನೆ, ಉಸ್ತಾದ್. ಮೊದಲನೆಯ ದಿನವೇ ಜಕಾತಿನ ತಖ್ತೆಯನ್ನು ತೋರಿಸಿದೆ’ ಎಂದು ಬರೆದಿದ್ದಳು. ಅದನ್ನು ನನ್ನ ಹೆಂಡತಿಗೆ ಓದಿ ಹೇಳಿದೆನು. ‘ಆ ಕುರ್ಚಿಯ ಒಂದು ಕಾಲು ಅಲುಗುತ್ತದೆಂದು ನೀವು ಹೇಳುತ್ತಿರಲಿಲ್ಲವೆ? ಹುಡುಗನು ಬಿದ್ದಾನು, ಅವಳಿಗೆ ತಿಳಿಸಿರಿ’ ಎಂದಳು. ಆ ರಾತ್ರಿಯೇ ತಿಳಿಸಿದೆನು.